ಬಿದ್ದವನಿಗೆ ಅಳುವವರು

ನಮ್ಮ ಶೋರೂಮಿನಲ್ಲಿ ಆ ಸಿನಿಮಾವನ್ನು ಬೈದವಳು ನಾನೊಬ್ಬಳೇ. ಧರ್ಮಪುರಿ ಬೈಪಾಸಿನ ಬೈಕ್ ಶೋರೂಮು ಅದು. ನಾನು ಬಿಲ್ಲಿಂಗ್ ಕೌಂಟರಿನಲ್ಲಿ ಕೂರುವವಳು. ಸಿನಿಮಾ ಬಂದ ವಾರ ಮೆಕ್ಯಾನಿಕ್‌ನಿಂದ ಹಿಡಿದು ಮ್ಯಾನೇಜರ್ ತನಕ ಎಲ್ಲರ ಬಾಯಲ್ಲೂ ಅದೇ. ಹೀರೋ ಬೆನ್ನಿಗೆ ಉಕ್ಕಿನ ರೆಕ್ಕೆ ಕಟ್ಟಿಕೊಂಡು ಹಾರುತ್ತಾನಂತೆ, ಒಬ್ಬನೇ ನಿಂತು ಊರನ್ನು ಕಾಪಾಡುತ್ತಾನಂತೆ. ನೀರಿನ ಟ್ಯಾಂಕಿನ ಮೇಲೆ ಆಡಿನ ಮುಖವಾಡ ಹಾಕಿದ ರೌಡಿಗಳನ್ನು ಒಬ್ಬೊಬ್ಬರನ್ನಾಗಿ ಎತ್ತಿ ಕೆಳಗೆ ಎಸೆಯುತ್ತಾನೆ. ಕೊನೆಯವನು ಬೀಳುವುದನ್ನು ಮಾತ್ರ ನಿಧಾನವಾಗಿ, ಮ್ಯೂಸಿಕ್ ಹಾಕಿ ತೋರಿಸುತ್ತಾರೆ. ಆ ತುಣುಕು ಎಲ್ಲರ ಫೋನಿನಲ್ಲೂ ಓಡಾಡುತ್ತಿತ್ತು.

"ಸೆಮ ಮಾಸ್ ಅಕ್ಕಾ!" ಎಂದು ಸರ್ವಿಸ್ ವಿಭಾಗದ ಶರವಣಕುಮಾರ್ ನನ್ನ ಮೂಗಿಗೇ ತಾಗುವಂತೆ ಫೋನ್ ಹಿಡಿದ. ಅವನ ಮನೆಯಲ್ಲೂ ನಮ್ಮ ಹಾಗೆ ಕನ್ನಡವೇ, ಆದರೆ ಬಾಯಿ ಬಿಟ್ಟರೆ ತಮಿಳು.

"ನಿನ್ನ ಮಾಸಿಗಿಷ್ಟು ಮಣ್ಣಾಕ! ಬೀಳ್ತಾನಲ್ಲ, ಅವ್ನು ಏನು ತಪ್ಪು ಮಾಡ್ದ ಅಂತ ಎಲ್ಲಾದ್ರೂ ಏಳವ್ರೇನ್ಲಾ? ಕೂಲಿಗೆ ಬಂದೋನು. ರೆಕ್ಕೆ ಐತಲ್ಲ ನಿನ್ನ ಈರೋಗೆ, ಬೀಳೋನ್ನ ಓಗಿ ಇಡ್ಕಳ್ಳಾಕೇನು ರೋಗ?"

"ಅಕ್ಕಾವುಕ್ಕು ರಸನೆಯೇ ಇಲ್ಲೆ" ಎಂದ. ಸುತ್ತ ಇದ್ದವರೆಲ್ಲ ನಕ್ಕರು.

ಸಿನಿಮಾ ಸವಿಯುವ ರಸನೆ ಇಲ್ಲವಂತೆ ನನಗೆ! ಆ ಕೊನೆಯವನ ಮುಖವಾಡದೊಳಗೆ ಇದ್ದವನು ನನ್ನ ತಮ್ಮ ಪಳನಿ ಎಂದು ಈ ಹುಡುಗರಿಗೆ ಹೇಗೆ ಹೇಳಲಿ?

ಪಳನಿ ಚೆನ್ನೈಯಲ್ಲಿ ಫೈಟರ್ ಆಗಿದ್ದ. ಹೀರೋನ ಕೈಯಲ್ಲಿ ಹೊಡೆಸಿಕೊಂಡು ಬೀಳುವುದೇ ಅವನ ಕೆಲಸ. ಅಮ್ಮನಿಗೆ ಮಾತ್ರ ಶೂಟಿಂಗ್ ವ್ಯಾನ್ ಓಡಿಸುತ್ತೇನೆ ಎಂದು ಹೇಳಿದ್ದ. ಅವಳಿಗೂ ಏನೋ ಅನುಮಾನ. "ಎತ್ತರದಿಂದ ನೆಗ್ಯಾಕಿಲ್ಲ ಅಂತ ನನ್ನ ತಲೆ ಮುಟ್ಟಿ ಸತ್ಯ ಮಾಡು" ಎಂದು ಹಟ ಹಿಡಿದಳು. ಇವನು ಮಾಡಿದ. ಹೋದ ಆಷಾಢದಲ್ಲಿ ಕಟ್ಟಿದ್ದ ರೋಪು ಕಳಚಿ, ಟ್ಯಾಂಕಿನ ಮೇಲಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡ. ಅಮ್ಮನಿಗೆ ಬೈಕ್ ಆಕ್ಸಿಡೆಂಟ್ ಎಂದೆವು. ಸಿನಿಮಾದ ಪುಣ್ಯಾತ್ಮರು ಇನ್ನೊಂದು ಸಲ ಶಾಟ್ ತೆಗೆಯುವ ಗೋಜಿಗೂ ಹೋಗಲಿಲ್ಲ. ನಿಜವಾಗಿ ಬಿದ್ದದ್ದೇ ಚೆನ್ನಾಗಿ ಬಂದಿದೆಯೆಂದು ಅದನ್ನೇ ಇಟ್ಟುಕೊಂಡರು. ನೆಲಕ್ಕೆ ಬಿದ್ದ ಮೇಲೆ ಮುಖವಾಡ ಜಾರಿ, ಒಂದು ಗಳಿಗೆ ಅವನ ಮುಖ ಕಾಣಿಸುತ್ತದೆ.

ಅವನಿಗೆ ಅದೇ ದೊಡ್ಡ ಸಂಭ್ರಮ. ಕಂಬೈನಲ್ಲೂರಿನ ಹತ್ತಿರ ನಮ್ಮ ಮನೆಯ ನಡುಕೋಣೆಯಲ್ಲಿ ಮಲಗಿದಲ್ಲೇ ಮಲಗಿ ಅದನ್ನೇ ಫೋನಿನಲ್ಲಿ ಮತ್ತೆ ಮತ್ತೆ ನೋಡುತ್ತಿದ್ದ. "ಮೊದ್ಲು ಕಿತ ನನ್ನ ಮುಖ ಬಂದೈತೆ ಕಣಕ್ಕಾ. ಥಿಯೇಟರೆಲ್ಲ ವಿಸಿಲ್ ಒಡೀತೈತಂತೆ."

"ವಿಸಿಲ್ ಒಡ್ಯೋರು ಬಂದು ನಿನ್ನ ಮಗ್ಗುಲು ತಿರುಗ್ಸಿ ಮಲಗಿಸ್ತಾರೇನ್ಲಾ?" ಎಂದುಬಿಟ್ಟೆ. ನನ್ನ ಬಾಯಿಯೇ ಹಾಗೆ.

ಅವನು ಸಪ್ಪಗಾದ. ಫೋನ್ ಎದೆಯ ಮೇಲೆ ಕವುಚಿಟ್ಟು, "ಅಮ್ಮನ್ಗೆ ಮಾತ್ರ ತಿಳೀಬಾರ್ದು ಅಕ್ಕಾ. ಸುಳ್ಳು ಸತ್ಯ ಮಾಡ್ದೆ ಅಂತ ಬಯ್ಯಲ್ಲ ಅವಳು. ನಾನು ಯಾಕಾದ್ರೂ ತಲೆ ಕೊಟ್ಟು ಸತ್ಯ ಮಾಡಿಸ್ಕಂಡ್ನೋ, ಅದೇ ನನ್ನ ಮಗನ್ನ ತಿಂತು ಅಂತ ಕೊರಗಿ ಕೊರಗಿ ಸಾಯ್ತಾಳೆ" ಎಂದ. ಹೌದು, ಅಮ್ಮನನ್ನು ಬಲ್ಲವರು ಯಾರಾದರೂ ಅದನ್ನೇ ಹೇಳುತ್ತಿದ್ದರು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಕಷ್ಟ ಏನೆಂದರೆ, ನಮ್ಮಮ್ಮನಿಗೆ ಫೈಟಿಂಗ್ ಸಿನಿಮಾ ಎಂದರೆ ಪ್ರಾಣ. ಆದರೆ ಅವಳು ಸಿನಿಮಾ ನೋಡುವ ರೀತಿಯೇ ಬೇರೆ, ಅದನ್ನು ಕಲಿತದ್ದು ಕೂತಿನಿಂದ, ಅಂದರೆ ಬಯಲಾಟದಿಂದ. ನಮ್ಮ ಕಡೆ ದ್ರೌಪದಿ ಅಮ್ಮನ ಗುಡಿಯ ಮುಂದೆ ಮಹಾಭಾರತದ ಕೂತು ಮುಗಿಯುವ ದಿನ, ಬಯಲಿನಲ್ಲಿ ಮಣ್ಣಿನ ದುರ್ಯೋಧನನನ್ನು ಉದ್ದಕ್ಕೆ ಮಲಗಿಸುತ್ತಾರೆ. ಅದಕ್ಕೆ ಪಡುಕಳ ಎನ್ನುತ್ತೇವೆ. ಭೀಮ ಬಂದು ತೊಡೆಗೆ ಹೊಡೆದಾಗ ಹೆಂಗಸರೆಲ್ಲ ಕೂಗಿ ಕುಣಿಯುತ್ತಾರೆ. ಆಮೇಲೆ ಗಾಂಧಾರಿ ಬರುತ್ತಾಳೆ, ಮಗನ ಮೇಲೆ ಬಿದ್ದು ಅಳುತ್ತಾಳೆ. ಆಗ ಕುಣಿದವರೆಲ್ಲ ಅವಳ ಜೊತೆ ಕೂತು ಅಳಬೇಕು. ಸತ್ತವನು ಎಂಥ ಕೆಟ್ಟವನೇ ಆಗಲಿ, ಅಳದೆ ಮನೆಗೆ ಹೋಗುವ ಹಾಗಿಲ್ಲ. ಹೋಗುವಾಗ ಆ ಮಣ್ಣನ್ನು ಒಂದು ಹಿಡಿ ಮನೆಗೆ ಒಯ್ಯುತ್ತಾರೆ. ಅಮ್ಮ ಈ ವರ್ಷ ಸೆರಗಿನ ತುಂಬ ತಂದಿದ್ದಳು. ದಿನಾ ಸಂಜೆ ಅದನ್ನು ನೀರಲ್ಲಿ ಕಲಸಿ ಪಳನಿಯ ಕಾಲಿಗೆ ಹಚ್ಚುತ್ತಿದ್ದಳು, ಎದ್ದು ನಡೆಯುತ್ತಾನೆಂಬ ನಂಬಿಕೆಯಿಂದ.

ಮೊನ್ನೆ ಅವನ ಸ್ಕ್ಯಾನ್ ತೋರಿಸಲು ಅಮ್ಮನೂ ನಾನೂ ಸೇಲಂಗೆ ಹೋದೆವು. ಪಕ್ಕದ ಮನೆಯ ಮಾರಿಯಪ್ಪ ಮಾವ ಪಳನಿಯ ಹತ್ತಿರ ಕೂತಿದ್ದರು. ಅಮ್ಮ ಮಾತ್ರೆ ತರಲು ಹೋದಾಗ ಡಾಕ್ಟರು ನನ್ನೊಬ್ಬಳನ್ನೇ ಕರೆದು, ಇನ್ನು ಅವನು ನಡೆಯುವ ಆಸೆ ಇಟ್ಟುಕೊಳ್ಳಬೇಡಿ ಎಂದರು. ಹೊರಗೆ ಬಂದರೆ ಅಮ್ಮ ಮಾತ್ರೆಯ ಚೀಲ ನನ್ನ ಕೈಗಿಟ್ಟು, "ಏನಂದ್ರು ಡಾಕ್ಟ್ರು?" ಎಂದಳು. "ನಡ್ಯಾಕೆ ಇನ್ನೂ ಟೈಮ್ ಆಗ್ತೈತಂತೆ" ಎಂದೆ.

ವಾಪಸು ಬರಲು ಹತ್ತಿದ್ದು ಪ್ರೈವೇಟ್ ಬಸ್ಸು, ಮುಂದೆ ದೊಡ್ಡ ಟಿವಿ. ಬಸ್ಸು ಓಮಲೂರು ದಾಟುವಾಗ ಸಿನಿಮಾ ಹಾಕಿದರು. ಉಕ್ಕಿನ ರೆಕ್ಕೆ ಕಾಣಿಸಿತು. ಎದ್ದು ಕಂಡಕ್ಟರ್ ಹತ್ತಿರ ಹೋಗಿ, "ಅಣ್ಣಾ, ವೇರ ಪಡಂ ಪೋಡುಂಗ" ಎಂದು, ಬೇರೆ ಸಿನಿಮಾ ಹಾಕಲು ಬೇಡಿಕೊಂಡೆ.

"ಏನ್ ಅಕ್ಕಾ, ಇದು ಹಿಟ್ ಪಡಮಾಚ್ಚೇ!"

ಹಿಂದಿನ ಸೀಟಿನವರು ಗದರಿದರು. ಇಷ್ಟವಿಲ್ಲದಿದ್ದರೆ ಕಣ್ಣು ಮುಚ್ಚಿಕೊಳ್ಳಿ ಎಂದ ಒಬ್ಬ. ಎಲ್ಲರಿಗಿಂತ ಜೋರಾಗಿ ಕೂಗಿದವಳು ನಮ್ಮಮ್ಮ: "ಬಂದು ಕೂತ್ಕಳೇ ಸುಮ್ಕೆ! ಮನೆ, ಆಸ್ಪತ್ರೆ, ಮನೆ, ಆಸ್ಪತ್ರೆ. ಒಸಿ ನೋಡಾಕೂ ಬಿಡಲ್ವಲ್ಲ ನೀನು!"

ಬಂದು ಕೂತೆ. ಇನ್ನೇನು ಮಾಡಲಿ? ಕಡಯಂಪಟ್ಟಿಯ ಕಡೆಯ ಹೊಲಗಳು ಕಿಟಕಿಯಲ್ಲಿ ಹೋಗುತ್ತಿದ್ದವು. "ಅಲ್ಲಿ ನೋಡಮ್ಮ, ಎಷ್ಟೊಂದು ಚೆಂಡುಮಲ್ಲಿಗೆ" ಎಂದರೆ ತಿರುಗಲಿಲ್ಲ. ತಲೆ ನೋಯುತ್ತಿದೆ, ನಿನ್ನ ಮಡಿಲಲ್ಲಿ ಮಲಗುತ್ತೇನೆ ಎಂದರೆ, "ಮಲಕ್ಕ, ನನ್ನ ಕಣ್ಣಿಗೇನು ಅಡ್ಡ?" ಎಂದು ನನ್ನ ತಲೆಯನ್ನು ಅಮುಕಿ ಟಿವಿಯನ್ನೇ ನೋಡಿದಳು. ತೊಪ್ಪೂರು ಕಣಿವೆಯಲ್ಲಿ ಬಸ್ಸು ನಿಧಾನವಾಯಿತು. ಪರದೆಯ ಮೇಲೆ ನೀರಿನ ಟ್ಯಾಂಕು ಬಂತು.

ಆಡಿನ ಮುಖವಾಡದವರು ಒಬ್ಬೊಬ್ಬರಾಗಿ ಬಿದ್ದರು. ಅಮ್ಮ ಸೀಟಿನ ತುದಿಗೆ ಬಂದು ಕೂತಳು. ಕೊನೆಯವನ ಕತ್ತಿಗೆ ಹೀರೋ ಕೈ ಹಾಕಿದಾಗ, "ಬಿಡಬ್ಯಾಡ ಅವ್ನನ್ನ! ಎತ್ತಾಕು! ಬೀಳ್ಸು!" ಎಂದು ಕೂಗಿದಳು. ಅವನು ಬಿದ್ದ. ನಿಧಾನವಾಗಿ, ಕೈ ಆಡಿಸುತ್ತಾ ಬಿದ್ದ. ಬಸ್ಸೆಲ್ಲ ಶಿಳ್ಳೆ ಹಾಕಿತು, ಅಮ್ಮ ಚಪ್ಪಾಳೆ ತಟ್ಟಿದಳು. "ಬೇಕಿತ್ತು ಕಣ್ಲಾ ನಿನ್ಗೆ!" ಎಂದು ನನ್ನ ತಮ್ಮನಿಗೆ, ತಾನು ಹೆತ್ತ ಮಗನಿಗೆ ಹೇಳಿದಳು. ಇನ್ನು ಮುಖವಾಡ ಜಾರುತ್ತದೆ.

ಮಾತ್ರೆಯ ಚೀಲವನ್ನು ಅವಳ ಕಾಲ ಬಳಿ ಸುರಿದುಬಿಟ್ಟೆ.

"ಅಯ್ಯೋ, ನಿನ್ನ ಕೈಗಿಷ್ಟು! ಮಗಿನ ಮಾತ್ರೆ ಕಣೇ!" ಎಂದು ಅಮ್ಮ ಬಗ್ಗಿದಳು. ಅವಳು ಸೀಟಿನ ಕೆಳಗೆ ತಡಕಾಡುತ್ತಿದ್ದಾಗ, ಅವಳ ತಲೆಯ ಮೇಲಿಂದ ಪಳನಿಯ ಮುಖ ಬಂತು. ಬಾಯಿ ತೆರೆದಿತ್ತು. ಯಾರನ್ನೋ ಕರೆಯುತ್ತಿದ್ದ, ಮ್ಯೂಸಿಕ್‌ನಲ್ಲಿ ಕೇಳಿಸಲಿಲ್ಲ. ಯಾರನ್ನೆಂದು ನನಗೆ ಗೊತ್ತು.

ಅಮ್ಮ ಎಲ್ಲ ಮಾತ್ರೆಗಳನ್ನು ಆಯ್ದುಕೊಂಡು ಏಳುವಷ್ಟರಲ್ಲಿ ಹೀರೋ ಯಾವಳ ಜೊತೆಗೋ ಹಾಡು ಹಾಡುತ್ತಿದ್ದ. ಅಮ್ಮ ಸ್ವಲ್ಪ ಹೊತ್ತು ನೋಡಿದಳು.

"ಅವ್ರಮ್ಮ ಬಂದ್ಲಾ?"

"ಯಾರಮ್ಮ?"

"ಅದೇ, ಬಿದ್ನಲ್ಲ, ಅವನ ಅಮ್ಮ. ಅಳಾಕೆ ಬರಲ್ವಾ?"

"ಇಲ್ಲಮ್ಮ. ಸಿನಿಮಾದಾಗೆ ಬರಲ್ಲ."

"ಇದೆಂಥ ಪಡಂ" ಎಂದಳು ಅಮ್ಮ, ಮುಖ ಸಣ್ಣಗೆ ಮಾಡಿಕೊಂಡು. ಇಷ್ಟು ದಿನ ಶೋರೂಮಿನಲ್ಲಿ ನಾನು ಜಗಳವಾಡಿದ್ದು ಇದಕ್ಕೇ. ಅಂತೂ ನನ್ನ ಕಡೆ ಒಬ್ಬರು ಸಿಕ್ಕಿದರು. ಮೊದಲಾದರೆ ಎಂದಾದರೂ ಒಂದು ದಿನ ಅಮ್ಮನಿಗೆ ನಿಜ ಹೇಳಿಬಿಡಬಹುದು ಎಂದು ಒಳಗೊಳಗೇ ಅಂದುಕೊಂಡಿದ್ದೆ. ಅವಳು ಚಪ್ಪಾಳೆ ತಟ್ಟಿದ ಮೇಲೆ ಅದೂ ಮುಗಿಯಿತು.

ಮನೆಗೆ ಬಂದು ಕಾಲು ತೊಳೆದವಳೇ ಅಮ್ಮ ಮಣ್ಣು ಕಲಸಿಕೊಂಡು ಪಳನಿಯ ಪಕ್ಕ ಕೂತಳು. ಹಚ್ಚುತ್ತಾ ಹಚ್ಚುತ್ತಾ ಬಸ್ಸಿನ ಕತೆ ಶುರು ಮಾಡಿದಳು. ನಾನು ಬಾಗಿಲಲ್ಲಿ ನಿಂತು ಬೇಡ, ಬೇಡ ಎಂದು ಪಳನಿಗೆ ಕಣ್ಣು ಮಾಡಿದೆ. ಅವನು ನನ್ನ ಕಡೆ ನೋಡಿದರೆ ತಾನೆ!

"ಒಬ್ಬ ಟ್ಯಾಂಕಿನ ಮ್ಯಾಲಿಂದ ಬಿದ್ದ ಕಣ್ಲಾ. ಎಂಗೆ ಬಿದ್ದ ಅಂತೀಯ!"

ಪಳನಿಯ ಕಣ್ಣು ಹೊಳೆದವು. "ಚೆಂದಾಗಿ ಬಿದ್ನಾಮ್ಮಾ?"

"ಅಂಗೆ ಬೀಳಾಕೆ ಇನ್ಯಾರ ಕೈಲೂ ಆಗಾಕಿಲ್ಲ ಬಿಡು. ನಾನು ಕೈ ತಟ್ಟಿದ್ದೇ ತಟ್ಟಿದ್ದು."

ಅವನು ನಕ್ಕ. ಆಸ್ಪತ್ರೆಯಿಂದ ಬಂದ ಮೇಲೆ ಅವನು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಗೆದ್ದವನ ಹಾಗೆ ನನ್ನ ಕಡೆ ತಿರುಗಿದ. ಅಷ್ಟರಲ್ಲಿ ಅಮ್ಮನ ಕೈ ಅವನ ಮೊಣಕಾಲಿನ ಮೇಲೆ ನಿಂತಿತು. ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಯಾಕಮ್ಮಾ, ಏನಾಯ್ತು?"

"ಏನಿಲ್ಲ ಕಣ್ಲಾ. ಆ ಬಿದ್ದೋನು, ಪಾಪ. ಅವರಮ್ಮ ಬರಲೇ ಇಲ್ಲ, ನಾನೂ ಅಳದೆ ಮನೆಗೆ ಬಂದ್ಬುಟ್ಟೆ. ಯಾರ ಮಗನೋ ಏನೋ, ಯಾರಾದ್ರೂ ಒಬ್ರು ಅಳಬ್ಯಾಡ್ವಾ?"

ಪಳನಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಅಮ್ಮ ಅಳುತ್ತಲೇ ಮಣ್ಣಿನ ಬಟ್ಟಲಿಗೆ ಕೈ ಹಾಕಿ, ಅವನ ಇನ್ನೊಂದು ಕಾಲಿಗೆ ಹಚ್ಚಲು ಶುರು ಮಾಡಿದಳು.