ಜೋಳದ ಚೀಲದಲ್ಲಿ ಹಸಿರು ಬಟ್ಟಲು

ಗೋಕಾಕದ ಬಳೆ ವ್ಯಾಪಾರಿ ಶಮಶೇರನಿಗೆ ಗಾಜಿನ ಹುಚ್ಚು. ಅಂಗಡಿಯಲ್ಲಿ ಮಾರುವ ಬಳೆಗಳದ್ದಲ್ಲ. ಕುಲುಮೆಯ ಮುಂದೆ ನಿಂತು, ಕೊಳವೆಗೆ ಬಾಯಿಟ್ಟು ಊದಿ ಮಾಡಿದ ಹಳೆಯ ಗಾಜಿನದ್ದು. ಹುಕ್ಕೇರಿಯ ವಾಡೆಯ ಅಟ್ಟದಿಂದ, ಮೂಡಲಗಿಯ ಗುಜರಿಯಿಂದ ಹೆಕ್ಕಿ ತಂದ ಹದಿನೆಂಟು ಸಾಮಾನು ಅವನ ಕಪಾಟಿನಲ್ಲಿದ್ದವು. ಎಲ್ಲಕ್ಕೂ ಮಿಗಿಲಾದದ್ದು ಒಂದು ಹಸಿರು ಬಟ್ಟಲು. ಊದಿದವನ ಉಸಿರು ಅದರ ತಳದಲ್ಲಿ ಗುಳ್ಳೆಯಾಗಿ ಉಳಿದಿತ್ತು. ಅಂಥದ್ದು ಇನ್ನೊಂದು ಅವನಿಗೆ ಎಲ್ಲೂ ಸಿಕ್ಕಿರಲಿಲ್ಲ. ಮನೆಯವರು ಅದನ್ನು ಮುಟ್ಟುವ ಹಾಗಿರಲಿಲ್ಲ.

ಹೊಸ ಸೊಸೆ ಸಾಹಿರಾಳಿಗೆ ಮಾತ್ರ ಈ ಕಟ್ಟಳೆಯನ್ನು ಯಾರೂ ಹೇಳಿರಲಿಲ್ಲ. ರಮಜಾನ್ ಹಬ್ಬಕ್ಕೆ ಬಂದಿದ್ದ ಬಳೆಯ ಹಳೆಯ ಗಿರಾಕಿ, ಮಮದಾಪುರದ ಚನ್ನವ್ವ ಹೊರಟು ನಿಂತಾಗ, ದೊಡ್ಡವರಿಗೆ ಸ್ಟೀಲ್ ಡಬ್ಬಿ ಏನು ಚಂದ ಎಂದು ಆ ಬಟ್ಟಲಲ್ಲೇ ಹಾಲು ಶಾವಿಗೆಯ ಸುರಕುಂಬಾ ತುಂಬಿ ಕೊಟ್ಟುಬಿಟ್ಟಿದ್ದಳು. ಆಮೇಲೆ ಮದುವೆಯ ಹಂಗಾಮು. ಬಳೆ ತೊಡಿಸುತ್ತ ಊರೂರು ತಿರುಗಿದ ಶಮಶೇರ ಕಪಾಟು ತೆರೆದದ್ದು ಎರಡು ತಿಂಗಳ ಮೇಲೆ. ವಿಷಯ ತಿಳಿದು ಸಿಟ್ಟು ನೆತ್ತಿಗೇರಿತು. ಆದರೆ ಬೈದರೆ ಬಟ್ಟಲು ಬರುತ್ತದೆಯೇ? ಸೀದಾ ಮಮದಾಪುರಕ್ಕೆ ಬೈಕ್ ಓಡಿಸಿದ.

ಚನ್ನವ್ವನ ಅಂಗಳದ ಮಣ್ಣಿನಲ್ಲಿ ಹಸಿರು ಗಾಜಿನ ಚೂರು ಮಿಂಚಿತು. ಬಟ್ಟಲು ಒಡೆದೇ ಹೋಯಿತು ಎಂದುಕೊಂಡ. ಬಗ್ಗಿ ಎತ್ತಿ ನೋಡಿದರೆ ಬಳೆಯ ಚೂರು, ಅದೂ ಅವನೇ ಮಾರಿದ್ದು.

"ಬರ್ರಿ ಶಮಶೇರಣ್ಣಾ, ಬಿಸಲಾಗ ಏನ್ ಹುಡುಕಾಕತ್ತೀರಿ?" ಎಂದಳು ಚನ್ನವ್ವ ಬಾಗಿಲಿಗೆ ಬಂದು.

"ನಮ್ಮ ಗಾಜಿನ ಬಟ್ಟಲ... ಐತೇನ್ರಿ ಅಕ್ಕಾ?"

ಅವಳು ಒಳಗೆ ಕರೆದೊಯ್ದು, ಜೋಳದ ಚೀಲದೊಳಗೆ ಮೊಣಕೈವರೆಗೆ ಕೈ ಹಾಕಿ ಬಟ್ಟಲನ್ನು ಹೊರತೆಗೆದಳು. ಒಂದು ಗೀರೂ ಬಿದ್ದಿರಲಿಲ್ಲ. ಶಮಶೇರ ಅದನ್ನು ಬೆಳಕಿಗೆ ಹಿಡಿದು ತಳದ ಗುಳ್ಳೆಯನ್ನು ನೋಡಿದ.

"ಮೊಮ್ಮಕ್ಕಳು ಒಡದಾವು ಅಂತ ಜೋಳದಾಗ ಹುಗದಿಟ್ಟೇನ್ರಿ. ಖಾಲಿ ಹೆಂಗ ಕಳಸ್ಲಿ? ನಾಗರ ಪಂಚಮಿಗೆ ಉಂಡಿ ತುಂಬಿ ಕೊಡಬೇಕಂತ ತಡದೇನಿ."

ಹಬ್ಬದ ಅಡುಗೆ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿ ಶಮಶೇರನ ಮನೆಯಲ್ಲೂ ಇರಲಿಲ್ಲ. ಆದರೂ 'ಅದು ತಪ್ಪಿ ಬಂದೈತಿ' ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು.

"ಇಷ್ಟ್ ವರ್ಷ ಡಬ್ಬಿ ಕೊಡತಿದ್ರಿ," ಎಂದಳು ಚನ್ನವ್ವ. "ಈ ಸಲ ಇಂಥಾ ಬಟ್ಟಲದಾಗ ಕೊಟ್ರಿ. ನಮ್ಮನ್ನ ಮನಿ ಮಂದಿ ಅಂತ ತಿಳದಾರ ನೋಡ್ರಿ ಅಂತ ಓಣಿಗೆಲ್ಲ ತೋರಿಸೇನಿ."

ಶಮಶೇರ ಬಟ್ಟಲನ್ನೊಮ್ಮೆ ನೋಡಿ ತಲೆಯಾಡಿಸಿದ.

"ಹೌದ್ರಿ ಅಕ್ಕಾ. ನಾನ ಹೇಳಿದ್ದೆ ಸೊಸಿಗೆ, ಇದರಾಗನ ಕೊಡವಾ ಅಂತ."

ಸುಳ್ಳು ಹೇಳಿಯೂ ಮನಸ್ಸು ಹಗುರಾಯಿತು.

"ಹಂಗಾರ ಈಗ ಒಯ್ತೀರೇನು? ಜರಾ ಸಕ್ಕರಿ ಹಾಕಿ ಕೊಡ್ಲಿ?"

"ಬ್ಯಾಡ್ರಿ. ಉಂಡಿ ಜೋಡಿನ ಬರಲಿ," ಎಂದ ಶಮಶೇರ, ಬಟ್ಟಲನ್ನು ತನ್ನ ಕೈಯಿಂದಲೇ ಮತ್ತೆ ಚೀಲದೊಳಗಿಟ್ಟು ಮೇಲೆ ಜೋಳ ಮುಚ್ಚಿದ.