ಅಪ್ಪನ ಎಡೆಗೆ ಅಮೈನೋ

ನನ್ನ ತಮ್ಮ ರಾಹುಲನಿಗೆ ಬುದ್ಧಿ ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು. ತಿ. ನರಸೀಪುರದ ದೇಹದಾರ್ಢ್ಯ ಸ್ಪರ್ಧೆಯಲ್ಲಿ ಗೆಲ್ಲಬೇಕೆಂಬ ಹುಚ್ಚು ಅವನಿಗೆ. ತಗಡೂರಿನಿಂದ ದಿನಾ ನಂಜನಗೂಡಿನ ಜಿಮ್ಮಿಗೆ ಹೋಗಿಬರುತ್ತಿದ್ದ. ಅಲ್ಲಿ ಕಸರತ್ತು ಕಲಿಸುವ ಚೆಲುವರಾಜು ಒಂದು ಡಬ್ಬಿ ಕೊಟ್ಟು, ಇದು ಅಮೈನೋ ಆಸಿಡ್, ನೀರಿಗೆ ಹಾಕಿ ಕುಡಿದರೆ ತೋಳು ತಾನಾಗೇ ಉಬ್ಬುತ್ತದೆ ಅಂದಿದ್ದನಂತೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಊರ ಮಕ್ಕಳೆಲ್ಲ ಕೇಳುವ ನನ್ನ ಮಾತು ಇವನೊಬ್ಬನ ಕಿವಿಗೆ ಹೋಗದು.

"ಲೋ, ಕಾಳು, ಮೊಟ್ಟೆ, ಮೀನು ತಿಂದ್ರೂ ಹೊಟ್ಟೇಲಿ ಅದೇ ಅಮೈನೋ ಆಸಿಡ್ಡೇ ಆಗೋದು ಕಣೋ. ಸರಿಯಾಗಿ ಉಣ್ಣೋನಿಗೆ ಈ ಪುಡಿಯಿಂದ ಹೆಚ್ಚಿಗೇನೂ ಸಿಗಲ್ಲ."

"ನಿಂಗೆ ಬುಕ್ಕು ಗೊತ್ತು ಕಣಕ್ಕ, ಬಾಡಿ ಗೊತ್ತಿಲ್ಲ."

ಬಾಡಿಯಂತೆ! ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ ನಮ್ಮಪ್ಪ ದೊಡ್ಡಮಾದಯ್ಯ ಯಾವ ಡಬ್ಬಿ ಕಂಡಿದ್ದ? ಮುದ್ದೆ, ಹುರಳಿಕಾಳು ಸಾರು, ಇದ್ದ ದಿನ ಒಣಮೀನು. ಅಷ್ಟರಲ್ಲೇ ಅವನ ಬೆನ್ನು ಬಾಗಿಲಗಲ ಇತ್ತು. ಹೋದ ಬೇಸಿಗೆಯಲ್ಲಿ ಎದೆನೋವು ಬಂದು ತೀರಿಕೊಂಡ.

ಹಿರಿಯರಿಗೆ ಎಡೆ ಇಡುವ ಮಾರ್ಲಾಮಿ ಹಬ್ಬ ಬಂತು. ನಮ್ಮ ಮನೆ ಕ್ರಮ ಹೀಗೆ: ಮಗ ಎಡೆ ಇಡಬೇಕು, ಬಾಗಿಲು ಮುಚ್ಚಿ ಎಲ್ಲರೂ ಜಗುಲಿಗೆ ಬರಬೇಕು, ಸತ್ತವರು ಉಂಡಾದ ಮೇಲೆ ಅದೇ ಎಲೆಯಲ್ಲಿ ಮಗ ಮೊದಲು ಉಣ್ಣಬೇಕು. ಸ್ಪರ್ಧೆ ಹತ್ತಿರ ಇತ್ತು. ಮುದ್ದೆ ಮುಟ್ಟಲ್ಲ ಅಂತ ರಾಹುಲ ಹಟ ಹಿಡಿದ. ತಾನು ತಿನ್ನುವುದನ್ನೇ ಇಟ್ಟರಾಯಿತು ಎಂದು ಮೊಟ್ಟೆಯ ಬಿಳಿಭಾಗವನ್ನೂ ಒಂದು ಲೋಟ ಗುಲಾಬಿ ಬಣ್ಣದ ಅಮೈನೋ ನೀರನ್ನೂ ಅಪ್ಪನ ಫೋಟೋ ಮುಂದಿಟ್ಟ.

"ಬ್ಯಾಡ ಕಣ್ಲಾ ಮಗ. ಅಸ್ಕೊಂಡು ಬಂದಿರ್ತಾರೆ," ಅಂದಳು ನಮ್ಮವ್ವ ಮರಿತಾಯಮ್ಮ.

"ಅಪ್ಪನೂ ಒಸಿ ಬದಲಾಗ್ಲಿ ಬುಡವ್ವ."

ಬಾಗಿಲು ತೆಗೆದಾಗ ಲೋಟ ನೆಟ್ಟಗೆ ನಿಂತಿತ್ತು. ಆದರೆ ಗೋಡೆಯ ಮೇಲೆ ಗುಲಾಬಿ ಬಣ್ಣದ ನೀರು ಇಳಿಯುತ್ತಿತ್ತು, ಯಾರೋ ಬಾಯಿತುಂಬ ತಗೊಂಡು ಉಗಿದಿದ್ದರು. ಬೆಕ್ಕಿನ ಕೆಲಸ ಎಂದ ರಾಹುಲ ಉಳಿದದ್ದನ್ನು ಗಟಗಟ ಕುಡಿದ.

ಅಂದಿನಿಂದ ಅವನು ಸೊರಗತೊಡಗಿದ. ಎಷ್ಟು ತಿಂದರೂ ಮೈಗೆ ಹತ್ತದು. ಚೆಲುವರಾಜು ಇನ್ನಷ್ಟು ಪುಡಿ ಕುಡಿಸಿದ. ಅದೂ ನೀರಲ್ಲಿ ಹೋಮ. ಸ್ಪರ್ಧೆಯ ದಿನ ವೇದಿಕೆ ಹತ್ತಲೂ ಆಗದೆ ಬಸ್ಸಿನಲ್ಲಿ ಮಲಗಿ ವಾಪಸು ಬಂದ. ಡಾಕ್ಟರ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಕೊನೆಗೆ ಹೆದರಿ ಮುದ್ದೆಯನ್ನೇ ಕೇಳಿ ಉಂಡ. ಉಂಡು ಕೈ ತೊಳೆಯುವಷ್ಟರಲ್ಲಿ, "ಅಕ್ಕ, ಒಳಗಿಂದ ಯಾರೋ ತಕ್ಕೊಂಡು ತಿಂತಾವ್ರೆ," ಅಂದ. ತಮ್ಮ ಕೈತಪ್ಪಿ ಹೋಗುತ್ತಾನೆಂದು ನನಗೆ ನಿಜಕ್ಕೂ ಭಯವಾಯಿತು.

ಮುಂದಿನ ಅಮಾವಾಸ್ಯೆಗೆ ಅವ್ವ ಮುದ್ದೆ ತೊಳಸಿ, ಹುರಳಿ ಸಾರು ಕಾಯಿಸಿ, ಒಣಮೀನು ಹುರಿದಳು. ರಾಹುಲ ಎಡೆ ಇಟ್ಟು, "ತಪ್ಪಾಯ್ತು ಕಣಪ್ಪ, ಉಣ್ಣು," ಅಂತ ಅಡ್ಡಬಿದ್ದ. ಬಾಗಿಲು ಮುಚ್ಚಿ ಮೂವರೂ ಜಗುಲಿಯಲ್ಲಿ ಕೂತೆವು. ಇನ್ನೂ ಸಂಜೆಯ ಬೆಳಕಿತ್ತು, ಬೀದಿಯಲ್ಲಿ ಹಾಲಿನ ಕ್ಯಾನು ಹಿಡಿದವರು ಡೇರಿಗೆ ಹೋಗುತ್ತಿದ್ದರು.

ರಾಹುಲ ಬರಿಬಾಯಲ್ಲಿ ಏನನ್ನೋ ನುಂಗಿದ. ಮತ್ತೆ ನುಂಗಿದ. ಮುದ್ದೆಯ ತುತ್ತು ಇಳಿಯುವಂತೆ ಅವನ ಗಂಟಲು ಉಬ್ಬಿ ಉಬ್ಬಿ ಇಳಿಯುತ್ತಿತ್ತು. ನೋಡನೋಡುತ್ತ ಕೆನ್ನೆಗೆ ಬಣ್ಣ ಬಂತು, ಭುಜ ಅಂಗಿಯನ್ನು ತುಂಬಿತು. ನನಗೆ ಸಂತೋಷದಿಂದ ಅಳುವೇ ಬಂತು.

ಅವನು ಡರ್ರೆಂದು ತೇಗಿ, ಅವ್ವನ ಕಡೆ ತಿರುಗಿದ.

"ಮರಿತಾಯಿ, ಒಸಿ ಸಾರು ಬುಡು."

ಅವ್ವನನ್ನು ಹಾಗೆ ಹೆಸರು ಹಿಡಿದು ಕರೆಯುತ್ತಿದ್ದುದು ಅಪ್ಪನೊಬ್ಬನೇ. ಅವ್ವ ತಲೆಮೇಲೆ ಸೆರಗೆಳೆದುಕೊಂಡು, "ತತ್ತೀನಿ ಇರಿ," ಅಂತ ಎದ್ದೇಬಿಟ್ಟಳು. ಅವಳ ಮುಖದಲ್ಲಿ ಸಂತೋಷವಿತ್ತು.

ನಾನು ಅವನ ರಟ್ಟೆ ಹಿಡಿದು ಅಲ್ಲಾಡಿಸಿದೆ. "ರಾಹುಲ ಎಲ್ಲಿ?"

ಅವನು ಉತ್ತರ ಕೊಡುವ ಮೊದಲೇ, ಮುಚ್ಚಿದ ಬಾಗಿಲ ಒಳಗಿನಿಂದ ನನ್ನ ತಮ್ಮನ ದನಿ ಕೇಳಿತು.

"ಅಕ್ಕಾ, ಎಲೇಲಿ ಏನೂ ಉಳಿದಿಲ್ಲ ಕಣಕ್ಕ. ನಂಗೆ ಅಸಿವು."