ನೀಲಕ್ಕನ ಕೋಣೆ

ತುಳಸಿಯ ಅಡುಗೆಮನೆಗೆ ಬಿಸಿಲು ಬರುವುದು ನಿಂತದ್ದು 2016ರಲ್ಲಿ. ವುಡ್‌ಲ್ಯಾಂಡ್ ಹಿಲ್ಸ್‌ನ ಆ ಬೀದಿಯಲ್ಲಿ ಇದ್ದವೆಲ್ಲ ಹಳೆಯ ಕಾಲದ, ಹದವಾದ ಗಾತ್ರದ ಮನೆಗಳು. ಪಕ್ಕದ್ದನ್ನು ಕೊಂಡ ಬಿಲ್ಡರ್ ಮೂರೇ ದಿನದಲ್ಲಿ ಅದನ್ನು ಕೆಡವಿ, ಬೇಲಿಗೆ ಹತ್ತಿದಂತೆ ಪೆಟ್ಟಿಗೆಯಂಥ ಭಾರೀ ಮನೆ ಎಬ್ಬಿಸಿದ. ಬೆಳಗಿನ ಹತ್ತು ಗಂಟೆಗೂ ದೀಪ ಹಾಕಿಕೊಂಡೇ ಒಗ್ಗರಣೆ ಹಾಕಬೇಕಾಯಿತು. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಮಗಳು ಸಂಹಿತಾ ಓದಲು ಬೇರೆ ಊರಿಗೆ ಹೋಗಿದ್ದಳು. ಇಡೀ ದಿನ ಆ ಬೂದು ಗೋಡೆ ನೋಡುತ್ತಾ ಕೂರುವುದು ತುಳಸಿಯಿಂದ ಆಗಲಿಲ್ಲ.

ಅದೇ ಹೊತ್ತಿಗೆ ನಗರಸಭೆಯಲ್ಲಿ ಮನೆಗಳ ಗಾತ್ರಕ್ಕೆ ಇನ್ನೂ ಬಿಗಿಯಾದ ಮಿತಿ ಹಾಕುವ ಮಾತು ನಡೆದಿತ್ತು. ಸಭೆಗೆ ಹೋಗಿ ಯಾರು ಬೇಕಾದರೂ ಮಾತಾಡಬಹುದಿತ್ತು. ಮೈಕ್ ಅಂದರೆ ತುಳಸಿಗೆ ಭಯ. ಧೈರ್ಯ ತುಂಬಿದವಳು ಎದುರುಮನೆಯ ಶೋಭಾ. ಹುಬ್ಬಳ್ಳಿಯವಳು, ಹದಿನೈದು ವರ್ಷದ ಗೆಳತಿ. ತುಳಸಿಯ ಗಂಡನ ಕೊನೆಯ ದಿನಗಳಲ್ಲಿ ಆಸ್ಪತ್ರೆಗೆ ದಿನಾ ಊಟ ಹೊತ್ತವಳು.

“ಅಂಜತಿ ಯಾಕ? ನಿನ್ನ ಮನಿ ಬೆಳಕ ಕೇಳಾಕ ನಿನಗ ಹಕ್ಕಿಲ್ಲೇನ?” ಎಂದು, ಭಾಷಣದ ಇಂಗ್ಲಿಷ್ ತಿದ್ದಿಕೊಟ್ಟು, ತಾನೇ ಡ್ರೈವ್ ಮಾಡಿಕೊಂಡು ಕರೆದೊಯ್ದಳು.

ತುಳಸಿ ಎರಡು ನಿಮಿಷ ಮಾತಾಡಿದಳು. “ಒಬ್ಬರಿಗೆ ಬಿಟ್ಟರೆ ಬೀದಿಗೇ ಬಿಟ್ಟ ಹಾಗೆ,” ಎಂದಾಗ ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಶೋಭಾ. 2017ರ ಮಾರ್ಚ್‌ನಲ್ಲಿ ಹೊಸ ಕಾಯ್ದೆ ಜಾರಿಗೆ ಬಂತು.

ಏಪ್ರಿಲ್‌ನಲ್ಲಿ, ಹುಬ್ಬಳ್ಳಿಯಲ್ಲಿದ್ದ ಶೋಭಾಳ ಅಕ್ಕ ನೀಲಮ್ಮನಿಗೆ ಇಲ್ಲಿಗೆ ಬಂದು ನೆಲೆಸುವ ವೀಸಾ ಸಿಕ್ಕಿತು. ಹನ್ನೆರಡು ವರ್ಷ ಕಾದ ವೀಸಾ. ನೀಲಕ್ಕನಿಗೆ ಎಳವೆಯಲ್ಲೇ ಪೋಲಿಯೊ ಬಡಿದಿತ್ತು. ಊರುಗೋಲು ಹಿಡಿದು ನಾಲ್ಕು ಹೆಜ್ಜೆ ಇಡುವಳು, ಮೆಟ್ಟಿಲು ಹತ್ತಲಾರಳು. ಶೋಭಾಳ ಮನೆಯಲ್ಲಿ ಮಲಗುವ ಕೋಣೆಗಳೂ ಬಚ್ಚಲೂ ಮೇಲೆ. ಕೆಳಗೊಂದು ಕೋಣೆ, ಗಾಲಿಕುರ್ಚಿ ತಿರುಗುವಷ್ಟು ಬಚ್ಚಲು ಕಟ್ಟಿಸುವ ಪ್ಲ್ಯಾನ್ ಎಂದೋ ಸಿದ್ಧವಿತ್ತು. ಆದರೆ ಕೈಗೆ ಸಿಗುವ ಮೊದಲೇ ಬಾಯಿಬಿಟ್ಟರೆ ಕೆಲಸ ಕೆಟ್ಟುಹೋಗುತ್ತದೆಂದು ನಂಬಿದ ಶೋಭಾ ಯಾರಿಗೂ ಹೇಳಿರಲಿಲ್ಲ, ಅರ್ಜಿಯನ್ನೂ ಹಾಕಿರಲಿಲ್ಲ. ಈಗ ಹೊಸ ಕಾಯ್ದೆಯ ಲೆಕ್ಕದಲ್ಲಿ ಗ್ಯಾರೇಜಿನ ಅರ್ಧವೂ ಮನೆಯ ಅಳತೆಗೆ ಸೇರಿತ್ತು. ಹಿಂದಿನ ಮಾಲೀಕರು ಮೇಲಂತಸ್ತು ಏರಿಸಿದ್ದರಿಂದ ಮನೆ ಆಗಲೇ ಮಿತಿ ಮುಟ್ಟಿತ್ತು, ಇನ್ನೊಂದು ಕೋಣೆ ಸೇರಿಸುವಂತಿರಲಿಲ್ಲ. ಹಿತ್ತಲಲ್ಲಿ ಬೇರೆ ಪುಟ್ಟ ಮನೆ ಕಟ್ಟೋಣವೆಂದರೆ ಅಲ್ಲಿ ಕಡಿದಾದ ಇಳಿಜಾರು.

ಇದೆಲ್ಲ ತುಳಸಿಗೆ ತಿಳಿದದ್ದು ಶೋಭಾಳ ಗಂಡ ಗಿರೀಶನಿಂದ. “ನೀವು ಮನಸ್ಸಿಗೆ ಹಚ್ಕೋಬ್ಯಾಡ್ರಿ,” ಎಂದ ಅವನು. “ಕಾಯ್ದೆ ಬಂಗ್ಲೇದವ್ರಿಗೆ ಅಂತ ನಾವೂ ತಿಳ್ಕೊಂಡಿದ್ವಿ.”

ತುಳಸಿ ನೇರ ಶೋಭಾಳ ಬಳಿ ಹೋದಳು. “ನಂಗೊಂದು ಮಾತು ಹೇಳ್ಬಾರ್ದಿತ್ತಾ ಶೋಭಾ?”

“ಹೇಳಿದ್ರ ಸಭಾದಾಗ ಸುಮ್ನಿರ್ತಿದ್ದ್ಯೇನ?”

ಇರುತ್ತಿದ್ದೆ ಎನ್ನಲು ತುಳಸಿಗೆ ತಕ್ಷಣ ನಾಲಿಗೆ ಹೊರಳಲಿಲ್ಲ. ಆ ತಡವನ್ನು ಶೋಭಾ ನೋಡಿಬಿಟ್ಟಳು.

ಮಿತಿಯಿಂದ ವಿನಾಯಿತಿ ಕೋರಿ ಗಿರೀಶ ಅಪ್ಲೈ ಮಾಡಿದ. ಜುಲೈಯಲ್ಲಿ ವಿಚಾರಣೆಯಾಯಿತು. ತುಳಸಿ ಅಲ್ಲಿಯೂ ಎದ್ದುನಿಂತು, ಈ ಕೋಣೆಯಿಂದ ಯಾರಿಗೂ ತೊಂದರೆಯಿಲ್ಲ, ಒಪ್ಪಿಗೆ ಕೊಡಿ ಎಂದು ಬೇಡಿಕೊಂಡಳು. ಅವಳು ಕುಳಿತ ಮೇಲೆ ಬೀದಿಯ ಕೊನೆಯ ಮನೆಯ ಮುದುಕ ಎದ್ದ. ಅಂದಿನ ಸಭೆಯಲ್ಲಿ ಅವಳಿಗೆ ಚಪ್ಪಾಳೆ ತಟ್ಟಿದ್ದವನೇ. ಅವಳದೇ ಮಾತನ್ನು ಕಾಗದದಲ್ಲಿ ಬರೆದು ತಂದಿದ್ದ. ಒಬ್ಬರಿಗೆ ಬಿಟ್ಟರೆ ಬೀದಿಗೇ ಬಿಟ್ಟ ಹಾಗೆ ಎಂದು ಮೆಲ್ಲಗೆ, ಗೌರವದಿಂದಲೇ ಓದಿದ. ತುಳಸಿ ತಲೆ ತಗ್ಗಿಸಿದಳು. ಅರ್ಜಿ ತಿರಸ್ಕೃತವಾಯಿತು.

ವೀಸಾದ ಅವಧಿ ಮುಗಿಯುವ ಮೊದಲು ನೀಲಕ್ಕ ಬರಲೇಬೇಕಿತ್ತು, ಸೆಪ್ಟೆಂಬರ್‌ನಲ್ಲಿ ಬಂದಳು. ಹಾಲ್‌ನಲ್ಲಿ ಮಂಚ ಹಾಕಿ, ಸೀರೆಯ ಪರದೆ ಕಟ್ಟಿದರು. ಸ್ನಾನಕ್ಕೆಂದು ಗಿರೀಶ ಅವಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತುತ್ತಿದ್ದ. ಅಕ್ಟೋಬರ್‌ನ ಒಂದು ಬೆಳಗ್ಗೆ ಅವನ ಕಾಲು ಜಾರಿತು, ಇಬ್ಬರೂ ಉರುಳಿದರು. ನೀಲಕ್ಕನ ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಆದರೆ ಊರುಗೋಲಿನ ಆ ನಾಲ್ಕು ಹೆಜ್ಜೆಗಳೂ ಅಲ್ಲಿಗೆ ಮುಗಿದವು.

ತುಳಸಿ ಸಾರು, ಗಂಜಿ ಮಾಡಿ ಒಯ್ದಳು. ಶೋಭಾ ಬಾಗಿಲಲ್ಲೇ ಡಬ್ಬಿ ಇಸಿದುಕೊಂಡು, ಮರುದಿನ ತೊಳೆದು ಅವಳ ಮನೆಯ ಮುಂದೆ ಇಟ್ಟುಹೋದಳು. ಎದುರುಮನೆಯಲ್ಲೇ ಇದ್ದರೂ ತುಳಸಿ ನೀಲಕ್ಕನನ್ನು ಒಮ್ಮೆಯೂ ಭೇಟಿಯಾಗಲಿಲ್ಲ.

ಮುಂದಿನ ವಸಂತದಲ್ಲಿ ಅವರು ಮನೆ ಮಾರಿ, ಸ್ಯಾನ್ ಡಿಯೆಗೊದ ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿ ಒಂದೇ ಅಂತಸ್ತಿನ ಮನೆ ಹಿಡಿದರು. ಟ್ರಕ್ ತುಂಬುತ್ತಿದ್ದಾಗ ಶೋಭಾ ರಸ್ತೆ ದಾಟಿ ಬಂದಳು. “ನಿಮ್ಮ ಮನಿ ಕೀಲಿಕೈ. ನನ್ನ ಹತ್ರನ ಉಳಿದಿತ್ತರಿ,” ಎಂದಳು. ಇಷ್ಟು ವರ್ಷ ನೀ ಎಂದು ಕರೆದವಳ ಬಾಯಲ್ಲಿ ಆ ‘ನಿಮ್ಮ’ ಕೇಳಿ ತುಳಸಿಗೆ ಕೈಚಾಚಲೂ ಆಗಲಿಲ್ಲ. ಶೋಭಾ ಕೀಲಿಕೈಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೋದಳು.

ಆರು ತಿಂಗಳು ತಡೆದು, ಒಂದು ಶನಿವಾರ ತುಳಸಿ ಒಬ್ಬಳೇ ಮೂರು ಗಂಟೆ ಡ್ರೈವ್ ಮಾಡಿಕೊಂಡು ಅಲ್ಲಿಗೆ ಹೋದಳು. ನೀಲಕ್ಕ ಗಾಲಿಕುರ್ಚಿಯಲ್ಲಿ ಬಾಗಿಲ ತನಕ ಬಂದು ಅವಳ ಕೈ ಹಿಡಿದುಕೊಂಡಳು. ಕಾಯ್ದೆಯ ವಿಷಯ ನೀಲಕ್ಕನಿಗೆ ಯಾರೂ ಹೇಳಿರಲಿಲ್ಲ.

“ನೀವ ಏನ್ರಿ ತುಳಸಿ? ಶೋಭಾ ಹುಬ್ಬಳ್ಳಿಗೆ ಫೋನ್ ಮಾಡಿದಾಗೆಲ್ಲ ಬರೇ ನಿಮ್ಮ ಸುದ್ದೀನ ಹೇಳ್ತಿದ್ಲು ನೋಡ್ರಿ. ಇಲ್ಲಿ ಅಕಿಗೆ ಗೆಳತ್ಯಾರ ಯಾರೂ ಇಲ್ಲ. ಬರ್ತಾ ಇರ್ರಿ.”

ಶೋಭಾ ಒಲೆಯ ಮುಂದೆ ಬೆನ್ನು ತಿರುಗಿಸಿ ನಿಂತು ಚಹಾ ಸೋಸುತ್ತಿದ್ದಳು.

“ದೂರ ಆಗತೈತಿ ಅಕ್ಕಾ, ಅವರಿಗೆ,” ಎಂದಳು.

ತುಳಸಿ ಚಹಾ ಕುಡಿದು, ಟ್ರಾಫಿಕ್ ಶುರುವಾಗುವ ಮೊದಲು ಹೊರಟಳು. ಆಮೇಲೆ ಆಗೀಗ ನೀಲಕ್ಕನೇ ಫೋನ್ ಮಾಡುತ್ತಿದ್ದಳು. ಶೋಭಾ ಮಾಡಲಿಲ್ಲ.